ಸಾಹೇಬರ ಕಂಪ್ಯೂಟರ್ ಒಂದನ್ನು ಬಿಟ್ಟು

"ಎಷ್ಟು ಮಂದಿ ಗಾರ್ಡ್ ಅದಾರ್ರಿ ನಿಮ್ಮ ಕಡೆ? ನಮಗ ಬಂದೂಕ ಇರೋರು ಬೇಕ್ರಿ."

ಸಂಡೂರಿನ ಗಣಿ ಕಚೇರಿಯೊಂದರಲ್ಲಿ ನನ್ನ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದವರು ಕೇಳಿದ ಮೊದಲ ಪ್ರಶ್ನೆ ಅದು. ಕಾರ್ಡಿನಲ್ಲಿ 'ನೆಟ್‌ವರ್ಕ್ ಸೆಕ್ಯೂರಿಟಿ ರಿಸರ್ಚರ್' ಎಂದು ಅಚ್ಚಾಗಿತ್ತು. ಮೊದಲ ಪದವೂ ಕೊನೆಯ ಪದವೂ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಕಮಲಾಪುರದ ಹೋಟೆಲಿನವರು ಹಗಲು ಪಾಳಿಗೆ ಎಷ್ಟು ಜನ, ರಾತ್ರಿ ಪಾಳಿಗೆ ಎಷ್ಟು ಜನ ಎಂದು ಕೇಳಿದರು. ಹೊಸಪೇಟೆಯಲ್ಲಿ ನಮ್ಮ ಅತ್ತೆಯವರೇ ಓಣಿಯವರಿಗೆಲ್ಲ "ನಮ್ಮ ಸೊಸಿ ಸೆಕ್ಯೂರಿಟಿ ಕೆಲಸಕ್ಕ ಸೇರ್ಯಾಳ" ಎಂದು ಹೇಳಿಬಿಟ್ಟಿದ್ದರು. ನಾನು ಬಸ್ ಸ್ಟ್ಯಾಂಡಿನ ಕಡೆ ಹೊರಟಾಗ ಹೆಂಗಸರು ನನ್ನನ್ನು ಕನಿಕರದಿಂದ ನೋಡುತ್ತಿದ್ದರು.

ಈಗ ಈ ವೃತ್ತಿಗೆ ಬರುವ ಹುಡುಗ ಹುಡುಗಿಯರು ಆಗಾಗ ನನ್ನ ಹತ್ತಿರ ಬಂದು ಯಾವ ಸರ್ಟಿಫಿಕೇಟ್ ಮಾಡಿದರೆ ಒಳ್ಳೆಯದು ಎಂದು ಕೇಳುತ್ತಾರೆ. ಯಾವುದನ್ನಾದರೂ ಮಾಡಿ ಎನ್ನುತ್ತೇನೆ. ಈ ಕೆಲಸದ ಮುಕ್ಕಾಲು ಪಾಲು ಕಂಪ್ಯೂಟರಿನ ಎದುರು ಕೂತ ಮನುಷ್ಯರ ಜೊತೆ ನಡೆಯುವಂಥದ್ದು. ಅವರೊಡನೆ ಹೇಗೆ ಏಗಬೇಕು ಎಂಬುದಕ್ಕೆ ಯಾರೂ ಸರ್ಟಿಫಿಕೇಟ್ ಕೊಡುವುದಿಲ್ಲ. ಆದ್ದರಿಂದ ನನಗೆ ಆ ಪಾಠ ಹೇಗಾಯಿತು ಎನ್ನುವುದನ್ನಷ್ಟು ಬರೆದಿಡುತ್ತೇನೆ.

ಅದು ಅದಿರಿನ ಭರಾಟೆಯ ಕಾಲ. ಕೆಂಪು ಮಣ್ಣಿಗೂ ಗಿರಾಕಿಗಳಿದ್ದರು. ಗಣಿ ಕಚೇರಿಗಳು ಕುರ್ಚಿ ಕೊಂಡ ಹಾಗೆ ಕಂಪ್ಯೂಟರ್ ಕೊಳ್ಳುತ್ತಿದ್ದವು. ಅವುಗಳಿಗೆ ತಂತಿ ಎಳೆದು, ಒಂದಕ್ಕೊಂದು ಜೋಡಿಸಿ, ಇಂಟರ್ನೆಟ್ಟಿಗೆ ಸೇರಿಸಿಕೊಡುವ ವ್ಯವಹಾರ ಹೊಸಪೇಟೆಯ ಪಂಪಾಪತಿಯವರದು. ಮೊದಲು ಟಿ.ವಿ. ಅಂಗಡಿ ಇಟ್ಟಿದ್ದವರು. ಅವರ ಗಿರಾಕಿಗಳ ಕಂಪ್ಯೂಟರುಗಳಿಗೆಲ್ಲ ವೈರಸ್ ಹತ್ತಿ, ಒಂದರಿಂದ ಇನ್ನೊಂದಕ್ಕೆ ಹಬ್ಬಿ, ದಿನವೂ ಬೈಗುಳ ತಿನ್ನುವಂತಾದಾಗ ಅವರು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದ ನನ್ನನ್ನು ಹುಡುಕಿಕೊಂಡು ಬಂದರು.

"ಮೇಡಂ, ಕಳ್ಳರು ಒಳಗ ಬಂದ ಕೂಡ್ಲೇ ಗೊತ್ತಾಗೋ ಹಂಗ ಏನರ ಕಂಡುಹಿಡೀರಿ. ಒಂದ್ ತಿಂಗಳದಾಗ ಆಗತೈತೇನ್ರಿ?"

ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳು ವರ್ಷಗಟ್ಟಲೆ ತಿಣುಕುತ್ತಿರುವ ಕೆಲಸ ಅದು ಎಂದೆ. "ಹಂಗಿದ್ರ ಎರಡು ತಿಂಗಳು ತಗೋರಿ" ಎಂದರು. ಪಾಠ ಹೇಳಿ ಹೇಳಿ ಬೇಸತ್ತಿದ್ದ ನಾನು ಒಪ್ಪಿಕೊಂಡೆ.

ನಾನು ಕೆಲಸ ಶುರು ಮಾಡುವ ಮೊದಲೇ ಪಂಪಾಪತಿಯವರು ಬೆಂಗಳೂರಿಗೆ ಹೋಗಿ ಒಂದು ಪೆಟ್ಟಿಗೆ ತಂದುಬಿಟ್ಟಿದ್ದರು. "ಇದು ಫಾರಿನ್ನಿಂದು ಮೇಡಂ. ಕಳ್ಳ ಬಂದ್ರ ಕೂಗತೈತಿ." ಕೂಗಿತು. ಹಗಲೂ ರಾತ್ರಿ ಕೂಗಿತು. ಬೇರೇನೂ ಮಾಡಲಿಲ್ಲ.

ಆ ಪೆಟ್ಟಿಗೆ ಎರಡು ಕೆಲಸ ಮಾಡಬೇಕಿತ್ತು. ಈಗಾಗಲೇ ಗೊತ್ತಿರುವ ವೈರಸ್‌ಗಳ ಗುರುತು ಇಟ್ಟುಕೊಂಡು ತಾಳೆ ನೋಡುವುದು ಒಂದು. ಕಚೇರಿಯ ರೂಢಿಗೆ ಹೊರತಾದದ್ದು ಏನಾದರೂ ನಡೆದರೆ ಅನುಮಾನ ಪಡುವುದು ಇನ್ನೊಂದು. ಯಾವ ಕಚೇರಿಯ ರೂಢಿ? ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆದು ಸಂಜೆ ಐದಕ್ಕೆ ಮುಚ್ಚುವ, ಕರೆಂಟು ಎಂದೂ ಹೋಗದ, ಶನಿವಾರ ಭಾನುವಾರ ಯಾರೂ ಕಾಲಿಡದ ಯಾವುದೋ ದೇಶದ ಕಚೇರಿಯದು.

ಕಮಲಾಪುರದ ಹೋಟೆಲಿನಲ್ಲಿ ಅದನ್ನು ಕೂರಿಸಿದೆವು. ಹಂಪಿ ನೋಡಲು ಬಂದವರು ಅಲ್ಲಿಂದ ತಮ್ಮ ತಮ್ಮ ದೇಶಗಳಿಗೆ ಮೇಲ್ ಕಳಿಸುತ್ತಿದ್ದರು. ಪೆಟ್ಟಿಗೆಗೆ ಪರದೇಶದ ಸಂಪರ್ಕವೆಂದರೆ ಅಪಾಯ. ಒಂದೊಂದು ಮೇಲ್‌ಗೂ ಕೆಂಪು ದೀಪ ಹೊತ್ತಿಸಿ ಕಿರುಚಿತು. ಹೋಟೆಲಿನ ಮಾಲೀಕರು ನನಗೆ ಫೋನ್ ಮಾಡಿ, "ಮೇಡಂ, ನಿಮ್ಮ ಡಬ್ಬಿ ನಮ್ಮ ಗಿರಾಕಿನೆಲ್ಲ ಕಳ್ಳರು ಅಂತೈತಿ. ಅವರನ್ನ ಓಡಿಸಿಬಿಟ್ರ ನಾನು ಯಾರಿಗೆ ದ್ವಾಸಿ ಹಾಕ್ಲಿ?" ಎಂದು ಕೇಳಿದರು.

ಅಲ್ಲಿಂದ ಕಿತ್ತು ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಇಟ್ಟೆವು. ಸುಗ್ಗಿಯಲ್ಲಿ ಆ ಗಿರಣಿಗೆ ಹಗಲು ರಾತ್ರಿಯ ಭೇದವಿಲ್ಲ. ಕರೆಂಟು ಹೋಗಿ ಬಂದಾಗಲೆಲ್ಲ ಅಲ್ಲಿನ ಕಂಪ್ಯೂಟರುಗಳೆಲ್ಲ ಒಮ್ಮೆಗೇ ಎದ್ದು ಸರ್ವರ್ ಅನ್ನು ಕರೆಯುತ್ತಿದ್ದವು. ಪೆಟ್ಟಿಗೆ ಅದನ್ನು ದಾಳಿ ಎಂದೇ ತಿಳಿದು ಕೂಗುತ್ತಿತ್ತು. ಕಂಪ್ಲಿಯಲ್ಲಿ ಕರೆಂಟು ಎಷ್ಟು ಸಲ ಹೋಗುತ್ತದೆಂದು ಅದಕ್ಕೆ ಯಾರು ಹೇಳಬೇಕು? ಒಂದು ದಿನ ಕೂಗು ನಿಂತಿದೆ ಎಂದು ಕೇಳಿ ಸಂತೋಷದಿಂದ ಹೋಗಿ ನೋಡಿದರೆ ಅಲ್ಲಿನ ಮೇಲ್ವಿಚಾರಕರು ಪೆಟ್ಟಿಗೆಗೆ ದಪ್ಪ ಗೋಣಿಚೀಲ ಹೊದಿಸಿದ್ದರು. "ಭಾಳ ಒದರ್ತಿತ್ರಿ" ಎಂದರು. ಒಳಗೆ ಸೆಕೆಯಾಗಿ ಪೆಟ್ಟಿಗೆ ಸುಟ್ಟುಹೋಗಿತ್ತು.

ಹೊಸ ಪೆಟ್ಟಿಗೆ ಬಂತು. ಪಂಪಾಪತಿಯವರು ನನ್ನನ್ನು ಕೂರಿಸಿಕೊಂಡು, "ಈ ಕೂಗೋದು ಕಡಿಮಿ ಮಾಡ್ರಿ ಮೇಡಂ" ಎಂದರು.

"ಯಾವುದನ್ನ ಕಡಿಮಿ ಮಾಡ್ಲಿ?"

"ಸುಳ್ಳು ಇರೋವನ್ನ ತೆಗೀರಿ. ಖರೇ ಇರೋವನ್ನ ಇಡ್ರಿ."

ಯಾವುದು ಸುಳ್ಳು, ಯಾವುದು ಖರೆ ಎಂದು ಮೊದಲೇ ತಿಳಿಯುವಂತಿದ್ದರೆ ಪೆಟ್ಟಿಗೆಯೂ ಬೇಕಿರಲಿಲ್ಲ, ನಾನೂ ಬೇಕಿರಲಿಲ್ಲ. ಇದನ್ನು ಅವರಿಗೆ ಎಷ್ಟು ಸಲ ಹೇಳಿದೆನೋ. ಪ್ರತಿ ಸಲವೂ ತಲೆಯಾಡಿಸಿ, "ಅದನ್ನ ನಾನೂ ಹೇಳಾಕ ಹತ್ತೀನಿ" ಎನ್ನುತ್ತಿದ್ದರು.

ಕಡೆಗೆ ನಾನು ಪೆಟ್ಟಿಗೆಯೊಳಗಿನ ಪರದೇಶದ ನಿಯಮಗಳನ್ನೆಲ್ಲ ತೆಗೆದುಹಾಕಿ, ಒಂದೊಂದು ಜಾಗದ ಸಾಮಾನ್ಯ ದಿನ ಹೇಗಿರುತ್ತದೆ ಎಂದು ಕಲಿಯಲು ಕೂತೆ. ಯಾವ ಕಂಪ್ಯೂಟರ್ ಯಾವುದರ ಜೊತೆ, ಯಾವಾಗ, ಎಷ್ಟು ಮಾತಾಡುತ್ತದೆ ಎಂಬುದಷ್ಟೇ ನನಗೆ ಬೇಕಿತ್ತು. ಏನು ಮಾತಾಡುತ್ತದೆ ಎಂಬುದು ಬೇಡ. ಗಿರಣಿಯ ಸುಗ್ಗಿಯೂ ಹೋಟೆಲಿನ ಸೀಸನ್ನೂ ಬೇರೆ ಬೇರೆ. ತಾಳ್ಮೆ ಬೇಡುವ, ಯಾರಿಗೂ ತೋರಿಸಿ ಹೊಗಳಿಸಿಕೊಳ್ಳಲಾಗದ ಕೆಲಸ ಅದು. ಕೂಗು ಕಡಿಮೆಯಾದಾಗ ಪಂಪಾಪತಿಯವರು ಪೆಟ್ಟಿಗೆ ಕೆಟ್ಟಿದೆ ಎಂದು ತಿಳಿದು ಬೆಂಗಳೂರಿಗೆ ಫೋನ್ ಮಾಡಿದ್ದರು.

ಈ ಹೊತ್ತಿಗೆ ಸಂಡೂರಿನ ಸುಮಂಗಲಾ ಪ್ರಕರಣ ನಡೆಯಿತು.

ನಮ್ಮ ಗಿರಾಕಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಒಂದು ಗಣಿ ಕಂಪನಿ. ಅದರ ಹೆಸರು ಬೇಡ; ಅದರ ಸಂಡೂರಿನ ಕಚೇರಿಯಲ್ಲೂ ನಮ್ಮದೊಂದು ಪೆಟ್ಟಿಗೆ ಕೂತಿತ್ತು. ಜನರಲ್ ಮ್ಯಾನೇಜರ್ ಪ್ರಸಾದರಾವ್ ಕರಾವಳಿ ಆಂಧ್ರದವರು; ಗಟ್ಟಿ ದನಿ, ಎದುರಾಡಿದರೆ ಸಹಿಸದ ಸ್ವಭಾವ. ಸುಮಂಗಲಾ ಅಲ್ಲಿನ ಲ್ಯಾಬಿನ ಮುಖ್ಯಸ್ಥೆ, ಹೊಸಪೇಟೆಯ ಹೆಣ್ಣುಮಗಳು. ಅದಿರಿನ ಒಂದೊಂದು ಗುಪ್ಪೆಯಿಂದ ಸ್ಯಾಂಪಲ್ ತಂದು, ಅದರಲ್ಲಿ ಕಬ್ಬಿಣ ಎಷ್ಟಿದೆ ಎಂದು ಪರೀಕ್ಷೆ ಮಾಡಿ, ವರದಿಯನ್ನು ಕಂಪ್ಯೂಟರಿನಲ್ಲಿ ಹಾಕುವುದು ಆಕೆಯ ಕೆಲಸ. ಆ ವರದಿ ನೋಡಿಕೊಂಡು ಪ್ರಸಾದರಾವ್ ಕೊಳ್ಳುವವರ ಏಜೆಂಟರ ಜೊತೆ ಮಾತಿಗೆ ಕೂರುತ್ತಿದ್ದರು. ಒಳ್ಳೆಯ ಗುಪ್ಪೆ ಯಾವುದು, ಸಾಧಾರಣದ್ದು ಯಾವುದು ಎಂಬುದು ಮಾತು ಮುಗಿಯುವತನಕ ಕಂಪನಿಯೊಳಗೇ ಇರಬೇಕು.

ಇರಲಿಲ್ಲ. ಏಜೆಂಟರು ಬಂದು ಕೂರುವ ಮೊದಲೇ ಅವರಿಗೆ ಎಲ್ಲ ತಿಳಿದಿರುತ್ತಿತ್ತು.

ಪ್ರಸಾದರಾವ್ ಯೋಚನೆ ಮಾಡಲಿಲ್ಲ. ಸುಮಂಗಲಾಳ ಮೈದುನ ಮರಿಯಮ್ಮನಹಳ್ಳಿಯಲ್ಲಿ ಒಬ್ಬ ಏಜೆಂಟನ ಲಾರಿಗಳನ್ನು ನೋಡಿಕೊಳ್ಳುತ್ತಿದ್ದ. ಅಷ್ಟು ಸಾಕಾಯಿತು. ಲ್ಯಾಬಿನ ಕಂಪ್ಯೂಟರಿನ ಫ್ಯಾನಿಗೆ ಕೆಂಪು ಧೂಳು ಮೆತ್ತಿಕೊಂಡಿದೆ ಎಂದು ನಾನು ಆ ದಿನ ಅಲ್ಲೇ ಮೂಲೆಯಲ್ಲಿ ಕೂತು ಬಿಚ್ಚುತ್ತಿದ್ದೆ. ಅವರು ಒಳಗೆ ಬಂದು, ಲ್ಯಾಬಿನವರೆಲ್ಲರ ಎದುರಿಗೆ, "ನಮ್ಮ ಸಂಬಳ ತಗೊಂಡು ಹೊರಗಿನವರ ಕೆಲಸ ಮಾಡ್ತಿದ್ದೀಯಾ ಅಮ್ಮಾ? ಏಪ್ರನ್ ಬಿಚ್ಚಿಡು. ಹೊರಡು" ಎಂದರು.

ಸುಮಂಗಲಾ ಅಳಲಿಲ್ಲ. "ಏನು ಕದ್ದೀನಿ ಅಂತ ಹೇಳ್ರಿ ಸರ್" ಎಂದು ಎರಡು ಸಲ ಕೇಳಿದಳು. ಅವರು ಆಗಲೇ ಬಾಗಿಲು ದಾಟಿದ್ದರು. ಗೇಟಿನಲ್ಲಿ ಆಕೆಯ ಬ್ಯಾಗ್ ಬಿಚ್ಚಿಸಿ ಊಟದ ಡಬ್ಬಿಯ ಮುಚ್ಚಳ ಕೂಡ ತೆಗೆಸಿ ನೋಡಿದರು. ನಾನು ಹಿಂದೆಯೇ ಹೋದೆ. ಡಬ್ಬಿಯ ಮುಚ್ಚಳ ಹಾಕಿಕೊಂಡು ಆಕೆಯೇ ನನ್ನ ಕಡೆ ತಿರುಗಿದಳು.

"ಮೇಡಂ, ಕಂಪ್ಯೂಟರ್‌ನಾಗ ಕಳ್ಳರನ್ನ ಹಿಡಿಯೋದು ನಿಮ್ಮ ಕೆಲಸ ಅಲ್ರೀ? ಹಿಡೀರಿ ಹಂಗಿದ್ರ. ನನ್ನನ್ನ ಬಿಡಿಸ್ರಿ ಅನ್ನಂಗಿಲ್ಲ. ನಾನಾಗಿದ್ರ ನನ್ನನ್ನ ಹಿಡೀರಿ."

ನನ್ನ ಪೆಟ್ಟಿಗೆಯ ಲೆಕ್ಕದಲ್ಲಿ ಆ ಕಚೇರಿಯಲ್ಲಿ ಎಲ್ಲವೂ ಸರಿಯಾಗಿತ್ತು. ಲ್ಯಾಬಿಗೆ ಬೇರೆಯವರು ಬಂದರು. ಆಮೇಲೂ ಸುದ್ದಿ ಹೊರಗೆ ಹೋಗುತ್ತಲೇ ಇತ್ತು. ಸುಮಂಗಲಾ ಹೊಸಪೇಟೆಯ ಮನೆಯಲ್ಲಿ ಕೂತಿದ್ದಾಳೆ, ಆದರೂ ವರದಿ ಏಜೆಂಟರ ಕೈ ಸೇರುತ್ತಿದೆ. ಇದರಿಂದ ಒಂದು ಸಣ್ಣ ಮಗುವಿಗೂ ಏನು ತಿಳಿಯಬೇಕೋ ಅದು ಪ್ರಸಾದರಾವ್‌ಗೆ ತಿಳಿಯಲಿಲ್ಲ. "ಹೋಗುವಾಗ ಹೊಸಬನಿಗೆ ಹೇಳಿಕೊಟ್ಟು ಹೋಗಿದಾಳೆ" ಎಂದರು. ಹೊಸಬನು ಆಕೆಯ ಮುಖವನ್ನೇ ನೋಡಿರಲಿಲ್ಲ ಎಂದು ನಾನು ಹೇಳಿದ್ದಕ್ಕೆ, "ಫೋನ್ ಇಲ್ಲವಾ?" ಎಂದರು.

ಪೆಟ್ಟಿಗೆ ದೊಡ್ಡ ಗದ್ದಲಕ್ಕೆ ಕಾಯುತ್ತಿತ್ತು. ವರದಿ ಎಂದರೆ ಒಂದು ಪುಟ. ಅಷ್ಟು ಸಣ್ಣದನ್ನು ಕದಿಯುವವನು ಗದ್ದಲವನ್ನೇಕೆ ಮಾಡುತ್ತಾನೆ? ಹಾಗಾದರೆ ನಾನು ಯಾವುದಕ್ಕೆ ಕಾಯಬೇಕು? ಇದೇ ತಲೆಯಲ್ಲಿ ಕೊರೆಯುತ್ತಿತ್ತು.

ಉತ್ತರ ಸಿಕ್ಕಿದ್ದು ಸಿಟ್ಟಿನಿಂದ. ಒಂದು ದಿನ ಸಂಡೂರಿನ ಆ ಕಚೇರಿಗೆ ಹನ್ನೊಂದು ಗಂಟೆಯ ಮೀಟಿಂಗಿಗೆಂದು ಹೋದೆ. ದಾರಿಯಲ್ಲಿ ಲಾರಿ ಸಾಲು. ಬುತ್ತಿ ಬಿಚ್ಚಿ ಊಟ ಮುಗಿಸಿದರೂ ಜೀಪು ಒಂದು ಗೇಣು ಮುಂದೆ ಹೋಗಲಿಲ್ಲ. ಹೋಗಿ ಮುಟ್ಟಿದರೆ ಕರೆಂಟಿಲ್ಲ. ಜನರೇಟರಿಗೆ ಡೀಸೆಲ್ ತರಲು ಹೋದವನು ಬಂದಿಲ್ಲ. ಸಾಹೇಬರು ಇನ್ನೂ ಬಂದಿಲ್ಲ, ಬಂದರೂ ನನಗಿಂತ ಮೊದಲಿನ ಮೀಟಿಂಗೇ ಇನ್ನೂ ಆಗಬೇಕು. ಬೆಂಚಿನ ಮೇಲೆ ಕೂತು ಕುದಿಯುತ್ತಿದ್ದೆ. ಈ ಊರಲ್ಲಿ ಹೊತ್ತಿಗೆ ಸರಿಯಾಗಿ ನಡೆಯುವುದು ಏನಾದರೂ ಒಂದು ಇದೆಯೇ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಬೈದುಕೊಂಡವಳೇ ಬ್ಯಾಗಿನಿಂದ ಪುಸ್ತಕ ತೆಗೆದು ಬರೆಯತೊಡಗಿದೆ.

ಕಂಪ್ಯೂಟರಿನಲ್ಲಿ ಕದ್ದು ಕೂತ ಪ್ರೋಗ್ರಾಮ್ ಒಂದಿದ್ದರೆ ಅದು ತನ್ನ ಧಣಿಯನ್ನು ಆಗಾಗ ಕೇಳುತ್ತಿರಬೇಕು, ಏನಾದರೂ ಅಪ್ಪಣೆ ಇದೆಯೇ ಎಂದು. ಮನುಷ್ಯರು ಹೊತ್ತಲ್ಲದ ಹೊತ್ತಿನಲ್ಲಿ ಮೇಲ್ ನೋಡುತ್ತಾರೆ, ಚಹಾಕ್ಕೆ ಏಳುತ್ತಾರೆ, ಊಟ ಮಾಡಿ ತೂಕಡಿಸುತ್ತಾರೆ. ಪ್ರೋಗ್ರಾಮಿಗೆ ಚಹಾ ಬೇಡ. ಅದು ಗಡಿಯಾರದ ಹಾಗೆ ಕೇಳುತ್ತದೆ. ಹಾಗಾದರೆ ಸಂಡೂರಿನಲ್ಲಿ ತಪ್ಪದೆ ಹೊತ್ತಿಗೆ ಸರಿಯಾಗಿ ನಡೆಯುವುದು ಯಾವುದೇ ಇದ್ದರೂ ಅದರ ಮೇಲೆ ಅನುಮಾನ ಪಡಬೇಕು.

ಅದಕ್ಕೊಂದು ಸಣ್ಣ ಪ್ರೋಗ್ರಾಮ್ ಬರೆದೆ. ಪ್ರತಿ ಕಂಪ್ಯೂಟರ್ ಹೊರಗಿನ ಒಂದೊಂದು ವಿಳಾಸವನ್ನು ಯಾವಾಗ ಯಾವಾಗ ಕರೆಯಿತು ಎಂದು ನೋಡಿ, ಎರಡು ಕರೆಗಳ ನಡುವಿನ ಅಂತರ ಸಮವಾಗಿದ್ದರೆ ಎತ್ತಿ ತೋರಿಸಬೇಕು. ಮೊದಲ ಸಲ ಓಡಿಸಿದಾಗ ಪರದೆ ತುಂಬಿ ಹೋಯಿತು. ಗಡಿಯಾರ ಸರಿಪಡಿಸಿಕೊಳ್ಳುವ ಪ್ರೋಗ್ರಾಮು, ವೈರಸ್ ತಡೆಯುವ ಪ್ರೋಗ್ರಾಮು, ಲಾರಿ ತೂಕದ ಲೆಕ್ಕವನ್ನು ಹೆಡ್ ಆಫೀಸಿಗೆ ಕಳಿಸುವ ಪ್ರೋಗ್ರಾಮು, ಎಲ್ಲವೂ ಗಡಿಯಾರದ ಹಾಗೇ ನಡೆಯುವವು.

ಪಂಪಾಪತಿಯವರು ಹಿಂದಿನಿಂದ ಬಗ್ಗಿ ನೋಡಿ, "ಮತ್ತ ಒದರಾಕ ಶುರು ಮಾಡ್ತಲ್ರಿ ಇದು" ಎಂದರು.

ಒಂದೊಂದನ್ನೇ ಹಿಡಿದು, ಯಾವುದು ಯಾರದು ಎಂದು ಪತ್ತೆ ಮಾಡಿ, ಸಾಚಾ ಇರುವುದನ್ನು ತೆಗೆದುಹಾಕುತ್ತಾ ಬಂದೆ. ಪರದೆ ಬರಿದಾಗುತ್ತಾ ಬಂತು. ಕೊನೆಗೆ ಒಂದೂ ಉಳಿಯಲಿಲ್ಲ. ನನ್ನ ಹೊಸ ವಿಧಾನದ ಪ್ರಕಾರ ಕಚೇರಿ ಪರಿಶುದ್ಧವಾಗಿತ್ತು.

ಪ್ರಸಾದರಾವ್‌ಗೆ ಹಿಗ್ಗೋ ಹಿಗ್ಗು. "ನಾನು ಹೇಳಲಿಲ್ಲವಾ ಪದ್ಮಜಾಗಾರು? ಕಂಪ್ಯೂಟರ್ ಕ್ಲೀನು. ಮನುಷ್ಯರೇ ಸರಿಯಿಲ್ಲ."

ಆ ವಾರ ಲೆಕ್ಕಗಳನ್ನೆಲ್ಲ ಮತ್ತೆ ಮೊದಲಿನಿಂದ ನೋಡಿದೆ. ವಿಧಾನ ತಪ್ಪೋ, ನಾನು ನೋಡುತ್ತಿರುವ ಜಾಗ ತಪ್ಪೋ? ಬೇರೇನೂ ತೋಚದೆ ಒಂದು ಸಾಮಾನ್ಯ ಕೂಡುವ ಲೆಕ್ಕ ಮಾಡಿದೆ. ಒಳಗಿನ ಕಂಪ್ಯೂಟರುಗಳಿಂದ ಹೊರಟದ್ದೆಲ್ಲ ಸೇರಿ ಎಷ್ಟು, ಕಚೇರಿಯಿಂದ ಹೊರಗೆ ಹೋಗುವ ಮುಖ್ಯ ಲೈನಿನಲ್ಲಿ ಹರಿದದ್ದು ಎಷ್ಟು. ಎರಡೂ ಒಂದೇ ಇರಬೇಕು. ಇರಲಿಲ್ಲ. ಹೊರಗೆ ಹೋದದ್ದು ಹೆಚ್ಚಿತ್ತು. ಅಂದರೆ ನನ್ನ ಪೆಟ್ಟಿಗೆಯ ಕಣ್ಣಿಗೆ ಬೀಳದ ಕಂಪ್ಯೂಟರ್ ಒಂದು ಆ ಕಚೇರಿಯಲ್ಲಿತ್ತು.

ಕಂಪನಿಯ ಕಡೆಯಿಂದ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವನು ಕೊಟ್ರೇಶ. ಒಳ್ಳೆಯವನು, ಆದರೆ ಕೇಳಿದ್ದಕ್ಕಿಂತ ಒಂದಕ್ಷರ ಹೆಚ್ಚು ಹೇಳುವವನಲ್ಲ.

"ಕೊಟ್ರೇಶ, ಎಲ್ಲಾ ಕಂಪ್ಯೂಟರ್ ಪೆಟ್ಟಿಗಿ ಮೂಲಕನ ಹೋಗ್ತಾವ ಅಂದಿದ್ದಿ ಹೌದಲ್ಲೋ?"

"ಹೌದ್ರಿ ಮೇಡಂ. ಎಲ್ಲಾ ಹೋಗ್ತಾವ."

"ಎಲ್ಲಾ?"

"ಎಲ್ಲಾ ರೀ. ಸಾಹೇಬ್ರದೊಂದು ಬಿಟ್ಟು."

ನಾನು ಕೈಯಲ್ಲಿದ್ದ ಲೆಕ್ಕದ ಹಾಳೆಯನ್ನು ಮಡಚಿಟ್ಟೆ.

"ಅವರ ಫೈಲು ಯಾರೂ ನೋಡಬಾರ್ದು ಅಂದಿದ್ರು ರೀ. ಅದಕ್ಕ ಪೆಟ್ಟಿಗಿ ದಾಟಿಸಿ ಬ್ಯಾರೆ ವೈರ್ ಎಳದೀನಿ."

"ನನಗ ಯಾಕ ಹೇಳಲಿಲ್ಲ?"

"ನೀವು ಎಲ್ಲಾ ಅಂತ ಕೇಳಿದ್ರಿ. ಸಾಹೇಬ್ರನ್ನ ಕೇಳಲಿಲ್ಲಲ್ರಿ."

ಎಲ್ಲ ಎಂಬ ಮಾತಿನಲ್ಲಿ ಸಾಹೇಬರು ಸೇರುವುದಿಲ್ಲ ಎಂಬುದು ಆ ಕಚೇರಿಯಲ್ಲಿ ಜಾಡಮಾಲಿಯಿಂದ ಹಿಡಿದು ಎಲ್ಲರಿಗೂ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ. ಕಿರಿಯರಿಗೆ ಹೇಳುತ್ತೇನೆ: ಎಲ್ಲಿಗೇ ಹೋದರೂ ಮೊದಲು ಕೇಳಬೇಕಾದ ಪ್ರಶ್ನೆ, ಇಲ್ಲಿ ಯಾರನ್ನು ಹೊರತುಪಡಿಸಿದ್ದೀರಿ ಎಂಬುದು.

ಸಾಹೇಬರು ಊಟಕ್ಕೆ ಹೋದಾಗ ಸದ್ದಿಲ್ಲದೆ ಜೋಡಿಸಿಬಿಡೋಣ ಎಂದ ಕೊಟ್ರೇಶ. ಬೇಡ ಎಂದೆ. ಕದ್ದು ನೋಡಿ ಏನು ಕಂಡುಹಿಡಿದರೂ ಆಮೇಲೆ ಕಳ್ಳಿ ನಾನೇ ಆಗುತ್ತೇನೆ. ನೇರ ಹೋಗಿ ಕೇಳಿದೆ. "ಸರ್, ನಿಮ್ಮ ಫೈಲಿನಾಗ ಏನದ ಅಂತ ನಾ ನೋಡಂಗಿಲ್ಲ. ಎಲ್ಲಿಗೆ ಹೋಗ್ತದ ಅಂತ ಅಷ್ಟ ನೋಡ್ತೀನಿ."

"ನನ್ನ ಮೇಲೇನೇ ಅನುಮಾನವಾ?" ಪ್ರಸಾದರಾವ್ ಎದ್ದು ನಿಂತರು. ನಾನು ಹೊರಗೆ ಬಂದೆ.

ಅವರನ್ನು ಒಪ್ಪಿಸಿದ್ದು ಪಂಪಾಪತಿಯವರು. ಒಳಗೆ ಹೋಗಿ ಹತ್ತು ನಿಮಿಷದಲ್ಲಿ ನಗುತ್ತಾ ಬಂದರು. ಏನು ಹೇಳಿದಿರಿ ಎಂದು ಕೇಳಿದೆ. "ಇದು ಭಾಳ ದೊಡ್ಡ ಮಂದಿಗೆ ಮಾತ್ರ ಹಾಕೋ ಸ್ಪೆಷಲ್ ರಕ್ಷಣಾ ಸರ್, ಜಿಲ್ಲಾದಾಗ ನಿಮಗ ಮೊದ್ಲು ಅಂದೆ." ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು. ಸುಮಂಗಲಾಳ ಸಲುವಾಗಿ ಸುಮ್ಮನಿದ್ದೆ.

ಪ್ರಸಾದರಾವ್ ಎದುರಿಗೇ ಅವರ ಕಂಪ್ಯೂಟರನ್ನು ಜೋಡಿಸಿ, ನನ್ನ ಲ್ಯಾಪ್‌ಟಾಪನ್ನು ಅವರಿಗೆ ಕಾಣುವ ಹಾಗೆ ಮೇಜಿನ ಮೇಲಿಟ್ಟೆ. "ಸರ್, ಕೈ ತೆಗೀರಿ. ಸ್ವಲ್ಪ ಹೊತ್ತು ಏನೂ ಮುಟ್ಟಬ್ಯಾಡ್ರಿ." ಅವರು ಎರಡೂ ಕೈ ಎತ್ತಿ ಕುರ್ಚಿಗೆ ಒರಗಿದರು. ಪರದೆಯ ಮೇಲೆ ಒಂದು ಗೆರೆ ಮೂಡಿತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು. ಮತ್ತೆ ಅಷ್ಟೇ ಹೊತ್ತಿನ ಮೇಲೆ ಮತ್ತೊಂದು. ಯಾರೂ ಮುಟ್ಟದ ಕಂಪ್ಯೂಟರ್ ಯಾವುದೋ ವಿಳಾಸವನ್ನು ಕರೆದು ಕರೆದು ಕೇಳುತ್ತಿತ್ತು. ನಾನು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, ಗೆರೆ ಮೂಡಿದಾಗಲೆಲ್ಲ ಹೊತ್ತು ಬರೆದುಕೊಂಡೆ.

"ವಿಂಡೋಸ್ ಏನೋ ಮಾಡ್ಕೋತಾ ಇರುತ್ತೆ ಬಿಡಮ್ಮಾ" ಎಂದರು ಪ್ರಸಾದರಾವ್.

ಹಾಗಾದರೆ ಒಂದು ಪರೀಕ್ಷೆ ಮಾಡೋಣ ಎಂದೆ. ಇಲ್ಲದ ಗುಪ್ಪೆಯೊಂದರ ಹೆಸರಿನಲ್ಲಿ ಒಂದು ಸುಳ್ಳು ವರದಿಯನ್ನು ಅವರೇ ತಮ್ಮ ಕೈಯಾರೆ ಬರೆದು ತಮ್ಮ ಕಂಪ್ಯೂಟರಿನಲ್ಲಿ ಇಡಬೇಕು. ಲ್ಯಾಬಿಗೂ ಹೇಳಬಾರದು, ಯಾರಿಗೂ ಹೇಳಬಾರದು. ಏನೂ ಆಗದಿದ್ದರೆ ನಾನು ಪೆಟ್ಟಿಗೆ ಎತ್ತಿಕೊಂಡು ಹೋಗುತ್ತೇನೆ. ನನ್ನನ್ನು ಓಡಿಸಲು ಒಳ್ಳೆಯ ಅವಕಾಶ ಎನಿಸಿತೋ ಏನೋ, ಒಪ್ಪಿದರು. 'ಹದಿನೇಳು-ಬಿ' ಎಂದು ಹೆಸರಿಟ್ಟರು. ಅಂಥ ಗುಪ್ಪೆ ಆ ಗಣಿಯಲ್ಲಿ ಇರಲಿಲ್ಲ. ಅದರಲ್ಲಿ ಕಬ್ಬಿಣ 'ಬಹಳ ಕಡಿಮೆ' ಎಂದು ಬರೆದರು.

ಮಾರನೆಯ ದಿನ ಬೆಳಿಗ್ಗೆ ನಾನೂ ಕೊಟ್ರೇಶನೂ ಪ್ರಸಾದರಾವ್ ಕೋಣೆಯಲ್ಲಿದ್ದಾಗ ಒಬ್ಬ ಏಜೆಂಟನ ಫೋನ್ ಬಂತು. ಅವರು ಎಂದಿನಂತೆ ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿಕೊಂಡರು. ಲಾರಿ, ಹಡಗು ಎಂದು ಏನೇನೋ ಮಾತಾಯಿತು. ಕೊನೆಗೆ ಆತ ಹೇಳಿದ:

"ಮತ್ತ ಸರ್, ಆ ಹದಿನೇಳು-ಬಿ ಗುಪ್ಪಿ ಮಾತ್ರ ನಮಗ ಹಚ್ಚಬ್ಯಾಡ್ರಿ. ಅದ್ರಾಗ ಏನೂ ದಮ್ ಇಲ್ಲಂತಲ್ಲ."

ಪ್ರಸಾದರಾವ್ ಫೋನನ್ನು ನೋಡಿದರು, ನನ್ನನ್ನು ನೋಡಿದರು. ಫೋನ್ ಇಟ್ಟರು. ಕೊಟ್ರೇಶ ಕೆಮ್ಮು ಬಂದವನ ಹಾಗೆ ಬಾಯಿಗೆ ಕರ್ಚೀಫು ಒತ್ತಿಕೊಂಡು ಹೊರಗೆ ಓಡಿದ.

ಆ ಪ್ರೋಗ್ರಾಮ್ ಹೇಗೆ ಬಂತು ಎಂದು ಹುಡುಕುವುದು ಕಷ್ಟವಾಗಲಿಲ್ಲ. ದೀಪಾವಳಿಗೆ ಯಾರೋ ಪರಿಚಯದವರ ಹೆಸರಿನಲ್ಲಿ ಒಂದು ಶುಭಾಶಯ ಬಂದಿತ್ತು. ಒತ್ತಿದರೆ ಪರದೆಯ ಮೇಲೆ ಒಂದೊಂದಾಗಿ ದೀಪ ಹೊತ್ತಿಕೊಂಡು ಸಂಗೀತ ಬರುತ್ತಿತ್ತು. ದೀಪ ಹೊತ್ತಿಕೊಳ್ಳುವಾಗ ಹಿಂದಿನಿಂದ ಅದು ಒಳಗೆ ಇಳಿದು ಕೂತಿತ್ತು. ಪ್ರಸಾದರಾವ್‌ಗೆ ಅದು ಎಷ್ಟು ಹಿಡಿಸಿತ್ತೆಂದರೆ ಅಳಿಸದೆ ಇಟ್ಟುಕೊಂಡು ಬಂದವರಿಗೆಲ್ಲ ತೋರಿಸುತ್ತಿದ್ದರು. ಅದನ್ನು ಕಳಿಸಿದವರು ಯಾರು ಎಂದು ಕೊನೆಗೂ ತಿಳಿಯಲಿಲ್ಲ. ಪೊಲೀಸರಿಗೆ ಹೇಳೋಣ ಎಂದಾಗ ಕಂಪನಿಯವರು ಬೇಡ ಎಂದರು.

ನಾನು ವರದಿ ಬರೆಯಲು ಕೂತೆ. ಪ್ರಸಾದರಾವ್ ಕಡೆಯಿಂದ ಹೇಳಿಕೆ ಬಂತು, 'ತಾಂತ್ರಿಕ ದೋಷ' ಎಂದು ಬರೆದರೆ ಸಾಕು ಎಂದು. ಪಂಪಾಪತಿಯವರೂ ನನ್ನ ಮೇಜಿನ ಹತ್ತಿರ ಬಂದರು. "ಮೇಡಂ, ಸಾಹೇಬ್ರ ಹೆಸರು ಯಾಕ? ಒಂದು ಕಂಪ್ಯೂಟರ್ ಅಂತ ಬರೀರಿ."

"ಒಂದು ಕಂಪ್ಯೂಟರ್ ಅಂದ್ರ ಎಲ್ಲಾರೂ ಲ್ಯಾಬಿಂದು ಅಂತಾರ. ಸುಮಂಗಲಾ ಮನ್ಯಾಗ ಕೂಡತಾಳ."

ಅವರು ಎದುರಿನ ಕುರ್ಚಿಯಲ್ಲಿ ಕೂತು ಬಹಳ ಹೊತ್ತು ಅಡಿಕೆ ಅಗಿದರು. ಆ ಕಂಪನಿ ಕೈ ಬಿಟ್ಟರೆ ನಮ್ಮ ಕೆಲಸದಲ್ಲಿ ಅರ್ಧ ಹೋದಂತೆ. ಅದು ನನಗೂ ಗೊತ್ತಿತ್ತು. ಅವರು ಮತ್ತೆ ಪಟ್ಟು ಹಿಡಿಯುತ್ತಾರೆ, ನಾನು ರಾಜೀನಾಮೆ ಮಾತು ಎತ್ತಬೇಕಾಗುತ್ತದೆ ಎಂದು ಎದೆ ಗಟ್ಟಿ ಮಾಡಿಕೊಂಡಿದ್ದೆ.

"ಬರೀರಿ" ಎಂದರು. "ಸಾಹೇಬ್ರ ಕಂಪ್ಯೂಟರ್ ಅಂತನ ಬರೀರಿ. ಕೆಳಗ ನನ್ನ ಸಹಿನೂ ಇರ್ಲಿ. ನಿಮ್ಮದೊಂದ ಇದ್ರ ನಿಮ್ಮ ಮ್ಯಾಲ ಬೀಳ್ತಾರ ಅವರು."

ಅಷ್ಟು ದಿನಗಳಲ್ಲಿ ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿದ ಮೊದಲ ಸಲ ಅದು.

ವರದಿ ಹೆಡ್ ಆಫೀಸಿಗೆ ಹೋಯಿತು. ಕೆಲಸಕ್ಕೆ ಬಾ ಎಂದು ಕಚೇರಿಯಿಂದ ಸುಮಂಗಲಾಳಿಗೆ ಫೋನ್ ಹೋಯಿತು. ಆಕೆ ಬರಲಿಲ್ಲ. "ಎಲ್ಲಾರ ಎದುರಿಗೆ ಕಳ್ಳಿ ಅಂದು ಕಳಿಸಿ, ಫೋನಿನ್ಯಾಗ ಬಾ ಅಂದ್ರ ಹೆಂಗ್ರಿ? ಕಳಿಸಿದವರ ಬಾಯಿಂದ, ಕಳಿಸಿದ ಜಾಗದಾಗ ಬರ್ಲಿ ಮಾತು" ಎಂದಳಂತೆ. ಹೊಸ ಕೆಮಿಸ್ಟ್ ಕೊಟ್ಟ ವರದಿಗಳನ್ನು ಅದಿರು ಕೊಳ್ಳುವವರು ನಂಬುತ್ತಿರಲಿಲ್ಲ, ಪರೀಕ್ಷೆಯಾಗದ ಸ್ಯಾಂಪಲ್ ಚೀಲಗಳು ಲ್ಯಾಬಿನ ಹೊರಗೆ ಬಿದ್ದಿದ್ದವು. ಕೊನೆಗೆ ಪ್ರಸಾದರಾವ್ ಆಗಲಿ ಎಂದರು.

ಆ ದಿನ ನಾನೂ ಅಲ್ಲಿದ್ದೆ. ಸುಮಂಗಲಾ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದಳು, ಒಳಗೆ ಕಾಲಿಟ್ಟಿರಲಿಲ್ಲ. ಪ್ರಸಾದರಾವ್ ಬಂದು, "ಅದೇನೋ ವೈರಸ್ ಅಂತಮ್ಮಾ. ಆಗಿದ್ದಾಯ್ತು. ಕೆಲಸ ಶುರು ಮಾಡು" ಎಂದರು.

"ಸರ್, ನಿಮ್ಮ ಕಂಪ್ಯೂಟರಿಗೆ ಹತ್ತಿದ್ದನ್ನ ಮೇಡಂ ತೆಗೆದ್ರು. ನನಗ ಹಚ್ಚಿದ್ದನ್ನ ನೀವ ತೆಗೀಬೇಕು. ಆವತ್ತು ಇದ್ದವರೆಲ್ಲಾ ಇವತ್ತೂ ಅದಾರ."

ಅದಿರು ಪುಡಿ ಮಾಡುವ ಯಂತ್ರ ಒಂದು ಮೂಲೆಯಲ್ಲಿ ಓಡುತ್ತಿತ್ತು. ಯಾರೋ ಹೋಗಿ ಅದನ್ನು ನಿಲ್ಲಿಸಿದರು. ಪ್ರಸಾದರಾವ್ ಕನ್ನಡಕ ತೆಗೆದು ಒರೆಸಿಕೊಂಡರು.

"ಸುದ್ದಿ ಹೋಗಿದ್ದು ನನ್ನ ಕಂಪ್ಯೂಟರಿಂದ. ಸುಮಂಗಲಾ ಅವರದು ಏನೂ ತಪ್ಪಿಲ್ಲ. ನಾನು ಅವತ್ತು ಅಂದಿದ್ದು ತಪ್ಪು."

ಆಕೆ ಒಳಗೆ ಬಂದಳು. ಮೊಳೆಗೆ ನೇತುಹಾಕಿದ್ದ ಏಪ್ರನ್ ಕೊಡವಿ ಹಾಕಿಕೊಂಡಳು. ಕಟ್ಟುವಾಗ ದಾರ ಕೈಗೆ ಸಿಗದೆ ಎರಡು ಸಲ ತಡವರಿಸಿದಳು. ಆಗ ಮಾತ್ರ ಆಕೆಯ ಕಣ್ಣು ತುಂಬಿದ್ದನ್ನು ಕಂಡೆ. "ಯಾವ ಚೀಲ ಮೊದ್ಲು ತಗೋಬೇಕ್ರಿ?" ಎಂದು ಹುಡುಗರನ್ನು ಕೇಳಿದಳು.

ನೆಮ್ಮದಿಯಿಂದ ಹೊರಗೆ ಬಂದೆ. ವರಾಂಡದಲ್ಲಿ ಪ್ರಸಾದರಾವ್ ನನಗಾಗಿ ನಿಂತಿದ್ದರು. ಥ್ಯಾಂಕ್ಸ್ ಹೇಳುತ್ತಾರೇನೋ ಎಂದುಕೊಂಡೆ.

"ಪದ್ಮಜಾಗಾರು, ಒಂದು ಮಾತು. ಆ ದೀಪದ ಗ್ರೀಟಿಂಗು ಚೆನ್ನಾಗಿತ್ತಲ್ಲವಾ, ಅದನ್ನ ನಾನು ಬೇರೆಯವರಿಗೂ ಕಳಿಸಿದ್ದೆ. ಅದರಿಂದ ಏನಾದರೂ ತೊಂದರೆ ಇದೆಯಾ?"

"ಯಾರ್ಯಾರಿಗೆ ಸರ್?"

ಅವರು ಬೆರಳು ಮಡಚುತ್ತಾ ಹೋದರು. ಬೀಗರು, ತಮ್ಮಂದಿರು, ಬ್ಯಾಂಕಿನವರು, ಹೆಡ್ ಆಫೀಸಿನವರು, ಅಕ್ಕಪಕ್ಕದ ಗಣಿಗಳ ಮ್ಯಾನೇಜರುಗಳು. ಬೆರಳು ಮುಗಿದು ಮತ್ತೆ ಮೊದಲಿನಿಂದ ಶುರು ಮಾಡಿದರು. "ಆಮೇಲೆ ನಿಮ್ಮ ಪಂಪಾಪತಿಗಾರಿಗೆ, ಅವರ ಮನೆ ಕಂಪ್ಯೂಟರಿಗೆ. ಅವರಿಗಂತೂ ಬಹಳ ಇಷ್ಟವಾಯ್ತು. ದೀಪ ಮಸ್ತ್ ಉರೀತಾವ ಅಂತ ಉತ್ತರ ಬರೆದಿದ್ದರು."

ನಾನು ಬ್ಯಾಗ್ ಹೆಗಲಿಗೇರಿಸಿ ಅಂಗಳಕ್ಕೆ ಇಳಿದೆ. ಪಂಪಾಪತಿಯವರು ಜೀಪಿನಲ್ಲಿ ಕಾಯುತ್ತಾ, ದೊಡ್ಡ ಕೆಲಸ ಮುಗಿಸಿದವರ ಹಾಗೆ ಕಾಲು ಚಾಚಿ ಕೂತಿದ್ದರು.

"ಎಲ್ಲಾ ಸುಸೂತ್ರ ಆತಲ್ರಿ ಮೇಡಂ? ಇನ್ನ ಆಫೀಸಿಗೆ ಹೋಗೋಣೇನ್ರಿ?"

"ಬ್ಯಾಡ್ರಿ," ಎಂದೆ. "ಮೊದ್ಲು ನಿಮ್ಮ ಮನೀಗೆ ಹೋಗೋಣ ನಡೀರಿ."